ಚೀಟಿಯಲ್ಲಿದ್ದ ತಾರೀಖು

ನಿಮ್ಮ ತಾತನಿಗೆ ಮಾತು ಕಡಿಮೆ. ನನಗೆ ಅವರಿಗಿಂತಲೂ ಕಡಿಮೆ. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಮಾತಾಡುತ್ತಿದ್ದವು ಎಂದರೆ ರೇಡಿಯೋಗಳೇ. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆ ಅವರ ರಿಪೇರಿ ಅಂಗಡಿ, ಹಿಂದೆ ನನ್ನ ಅಡುಗೆಮನೆ, ನಡುವೆ ಒಂದು ಹಸಿರು ಪರದೆ. ಮದುವೆಯಾಗಿ ಬಂದ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಆ ಪರದೆಯ ಈಚೆಗೇ ಇದ್ದೆ. ಗಿರಾಕಿಗಳ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಮೊಸಳೆ ಎಂಬ ಊರಿನ ಹತ್ತಿರದ ಹಳ್ಳಿಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಹೊರಗಿನವರು ಎದುರು ನಿಂತರೆ ನಾಲಗೆ ಏಳುತ್ತಿರಲಿಲ್ಲ.

ಅಂಗಡಿಯ ಕೆಲಸದಲ್ಲಿ ನನ್ನ ಪಾಲು ಅಂಟು ಕಾಯಿಸುವುದು. ವಾರಕ್ಕೊಮ್ಮೆ ಮೈದಾ ಹಿಟ್ಟು ಕಲಸಿ ಕಾಯಿಸಿ, ಜಿರಳೆ ತಿನ್ನದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿ ಡಬ್ಬಿ ತುಂಬಿಸಿ ಕೊಡುತ್ತಿದ್ದೆ. ಮೈಲುತುತ್ತದಿಂದ ಅದಕ್ಕೆ ತೆಳು ನೀಲಿ ಬಣ್ಣ ಬರುತ್ತಿತ್ತು. ತಾತ ರಿಪೇರಿ ಮಾಡಿದ ಪ್ರತಿ ಸೆಟ್ಟಿನ ಹಿಂದಿನ ಹಲಗೆ ಬಿಚ್ಚಿ, ಒಳಗಡೆ ಒಂದು ಚೀಟಿ ಅಂಟಿಸುತ್ತಿದ್ದರು. ಏನು ಕೆಟ್ಟಿತ್ತು, ಒಂದು ತಾರೀಖು, ಅವರ ರುಜು. ‘ಬಿಲ್ಲು ಕಳೆದುಹೋಗುತ್ತೆ, ಇದು ಕಳೆಯಲ್ಲ’ ಎನ್ನುತ್ತಿದ್ದರು. ಯಾರಾದರೂ ಸೆಟ್ಟು ವಾಪಸು ತಂದರೆ ಮೊದಲು ಹಲಗೆ ಬಿಚ್ಚಿ ಚೀಟಿ ನೋಡುತ್ತಿದ್ದರು. ಕೆಲವು ಸಲ ಒಂದು ಮಾತೂ ಆಡದೆ ಮತ್ತೆ ಸರಿ ಮಾಡಿ ಕೊಟ್ಟುಬಿಡುತ್ತಿದ್ದರು. ನಾನು ಆ ಚೀಟಿಗಳನ್ನು ಯಾವತ್ತೂ ಓದಿದವಳಲ್ಲ. ಅಂಟು ನನ್ನದು, ಅಕ್ಷರ ಅವರದು.

ಆ ವರ್ಷ ಯುಗಾದಿ ಕಳೆದ ವಾರಕ್ಕೆ ಅವರು ಹೋದರು. ಬೆಳಿಗ್ಗೆ ಕಾಫಿ ಕುಡಿದು, ಸ್ಟೂಲಿನ ಮೇಲೆ ಕೂತವರು ಹಾಗೆಯೇ ಮೇಜಿಗೆ ಒರಗಿದರು. ಅವರೇ ಹಳೆಯದಾಗಿ ಕೊಂಡು, ಸರಿ ಮಾಡಿ ಇಟ್ಟ ಇಪ್ಪತ್ತಕ್ಕೂ ಹೆಚ್ಚು ಸೆಟ್ಟುಗಳು ಉಳಿದವು. ರೇಡಿಯೋ, ಟೇಪ್ ರೆಕಾರ್ಡರ್, ಎರಡು ಟೀವಿ. ಮಧ್ಯಾಹ್ನ ಬಿಸಿಲು ಮಾಡಿನ ತಗಡಿಗೆ ಬಡಿದಾಗ ಆ ಪೆಟ್ಟಿಗೆಗಳು ಒಂದೊಂದಾಗಿ ಟಕ್ ಟಕ್ ಎನ್ನುತ್ತಿದ್ದವು. ಮರ ಹಿಗ್ಗುವ ಸದ್ದು ಎಂದು ಗೊತ್ತಿದ್ದರೂ ಪರದೆ ಸರಿಸಿ ನೋಡುತ್ತಿದ್ದೆ. ಸ್ಟೂಲು ಖಾಲಿ ಇರುತ್ತಿತ್ತು.

ನಿಮ್ಮ ಅಮ್ಮ ಆಗ ಹಾಸನದಲ್ಲಿ ಒಂದು ಕಾಲೇಜಿನ ಆಫೀಸಿನಲ್ಲಿದ್ದಳು. ‘ಅಮ್ಮ, ಈಗ ಹಳೇ ಸಾಮಾನನ್ನೆಲ್ಲ ಇಂಟರ್‌ನೆಟ್ಟಲ್ಲಿ ಮಾರ್ತಾರೆ. ಫೋಟೋ ಹಾಕಿ ಎರಡು ಸಾಲು ಬರೆದ್ರೆ ಸಾಕು, ಬೇಕಾದೋರು ಬಂದು ತಗೊಂಡು ಹೋಗ್ತಾರೆ’ ಎಂದಳು. ಸೈಬರ್ ಸೆಂಟರಿನಲ್ಲಿ ಕೂತು ಜಾಹೀರಾತು ಹಾಕಿದಳು. ‘ಈಚೆಗೆ ತೀರಿಕೊಂಡ ನಮ್ಮ ತಂದೆಯವರು ಸ್ವಂತ ಕೈಯಿಂದ ರಿಪೇರಿ ಮಾಡಿಟ್ಟ ಸೆಟ್ಟುಗಳು’ ಎಂದು ಬರೆದು ಅವರ ಹೆಸರನ್ನೂ ಸೇರಿಸಿದ್ದಳು. ಹೆಸರು ಯಾಕೆ ಎಂದೆ. ‘ಆ ಹೆಸರು ನೋಡೇ ಕೊಂಡ್ಕೊಳ್ಳೋದಮ್ಮ’ ಎಂದಳು. ಜನ ಬರೆದದ್ದನ್ನು ಕಾಗದದ ಮೇಲೆ ತೆಗೆಸಿ ಭಾನುವಾರ ತಂದು ನನಗೆ ಓದಿ ಹೇಳುತ್ತಿದ್ದಳು. ಅಂಗಡಿಯ ಫೋನಿಗೆ ಮಾತ್ರ ನಾನೇ ಉತ್ತರ ಕೊಡಬೇಕಾಯಿತು.

ಮೊದಲ ತಕರಾರು ಬಂದದ್ದು ಅರಕಲಗೂಡಿನ ಒಬ್ಬ ದರ್ಜಿಯಿಂದ. ಟೇಪ್ ರೆಕಾರ್ಡರ್ ಕೊಂಡು ಹೋಗಿ ಹದಿನೈದು ದಿನಕ್ಕೆ ಬಸ್ಸಿನಲ್ಲಿ ಹೊತ್ತುಕೊಂಡು ವಾಪಸು ಬಂದ.

‘ಏನಮ್ಮೋ ಇದು, ಹಾಡು ಹೇಳು ಅಂದ್ರೆ ಆಕಳಿಸ್ತದೆ! ಗಾಯಕಿ ಗಂಡಸಾಗ್ಬುಟ್ಟವ್ಳೆ!’

ನನಗೆ ನಗು ಬಂತು, ತಡೆದುಕೊಂಡೆ. ಉತ್ತರ ಹೇಳಲು ತಿಳಿಯದೆ ಸೆಟ್ಟನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಕೂತೆ. ಆಗ ಮೂಗಿಗೆ ಒಂದು ವಾಸನೆ ಬಡಿಯಿತು. ನಮ್ಮ ಮನೆಯಲ್ಲೂ ಹೊಲಿಗೆ ಮಿಷನ್ ಇತ್ತಲ್ಲ.

‘ಇದಕ್ಕೆ ಎಣ್ಣೆ ಬಿಟ್ಟಿದ್ರಾ?’ ಎಂದು ಕೇಳಿದೆ.

‘ಬಿಡದೆ ಮತ್ತೆ? ದಿನಾ ಬೆಳಿಗ್ಗೆ ಮಿಷನ್ನಿಗೆ ಬಿಡೋವಾಗ ಇದಕ್ಕೂ ಎಲ್ಡು ತೊಟ್ಟು. ತಿರುಗೋ ಸಾಮಾನಲ್ವಾ?’

ಒಳಗಿನ ರಬ್ಬರು ಬೆಲ್ಟು ಎಣ್ಣೆಯಲ್ಲಿ ಜಾರುತ್ತಿತ್ತು. ತಾತ ಮಾಡುತ್ತಿದ್ದಂತೆ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿದೆ. ಹಾಡು ಸರಿಯಾಯಿತು. ದರ್ಜಿ ನಾಚಿಕೊಂಡು, ನನಗೊಂದು ರವಿಕೆ ಪುಕ್ಕಟೆ ಹೊಲಿದುಕೊಡುತ್ತೇನೆಂದು ಹೇಳಿ ಹೋದ. ಫೋನಿನಲ್ಲಿ ವಾದ ಮಾಡುವುದಕ್ಕಿಂತ ಸೆಟ್ಟನ್ನು ನಡುವೆ ಇಟ್ಟುಕೊಂಡು ಇಬ್ಬರೂ ಸುಮ್ಮನಿರುವುದು ಮೇಲು ಎಂದು ನಾನು ಅವತ್ತು ಕಲಿತೆ.

ಎರಡನೆಯ ತಕರಾರೇ ನಾನು ನಿಮಗೆ ಹೇಳಬೇಕೆಂದಿರುವುದು.

ಸೆಟ್ಟುಗಳಲ್ಲೆಲ್ಲ ದೊಡ್ಡದು ಒಂದು ವಾಲ್ವ್ ರೇಡಿಯೋ. ಗೊರೂರಿನ ಅಣೆಕಟ್ಟಿನ ಕ್ವಾರ್ಟರ್ಸಿನಿಂದ ವರ್ಗವಾಗಿ ಹೋಗುವಾಗ ಒಬ್ಬರು ತಾತನಿಗೆ ಮಾರಿ ಹೋದದ್ದು. ತೇಗದ ಪೆಟ್ಟಿಗೆ, ಹಚ್ಚಿದ ಮೇಲೆ ಕಾದು ದನಿ ಬರಲು ಒಂದು ನಿಮಿಷ ಬೇಕು. ಅದರ ಮುಖದ ಮೇಲೆ ಗುಂಡಗಿನ ಒಂದು ಹಸಿರು ದೀಪವಿತ್ತು. ಅದಕ್ಕೆ ಕಣ್ಣು ಎನ್ನುತ್ತಿದ್ದೆವು. ಸ್ಟೇಷನ್ ಸರಿಯಾಗಿ ಸಿಕ್ಕಾಗ ಆ ಕಣ್ಣು ಬೆಕ್ಕಿನ ಕಣ್ಣಿನಂತೆ ಕಿರಿದಾಗುತ್ತಿತ್ತು. ಯುಗಾದಿಯ ಹಿಂದಿನ ದಿನ ತಾತ ಅದನ್ನು ಮುಗಿಸಿದರು. ಅವರ ಕೊನೆಯ ಕೆಲಸ ಅದೇ.

ಚನ್ನರಾಯಪಟ್ಟಣದಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದವರೊಬ್ಬರು ಅದನ್ನು ಕೊಂಡರು. ಕಾರಿನಲ್ಲಿ ಬಂದು, ‘ನಮ್ಮ ತಾಯಿಗೆ. ಅವರ ಕಾಲದ್ದು ಬೇಕಂತೆ’ ಎಂದು ಹೇಳಿ ಮಗುವಿನಂತೆ ಎತ್ತಿಕೊಂಡು ಹೋದರು. ಒಳ್ಳೆಯ ಮನೆ ಸೇರಿತು ಎಂದುಕೊಂಡೆ.

ತಿಂಗಳು ಕಳೆಯಿತು. ಪಿತೃಪಕ್ಷದ ದಿನಗಳು. ಯಾರ ಮನೆಯಲ್ಲೂ ಹೊಸದು ಕೊಳ್ಳದ, ಮಾರದ ಹದಿನೈದು ದಿನ. ಆ ಭಾನುವಾರ ನಿಮ್ಮ ಅಮ್ಮ ಹಾಸನದಿಂದ ಬಂದವಳು ಚಪ್ಪಲಿ ಬಿಡುವಾಗಲೇ ಮುಖ ಸಣ್ಣ ಮಾಡಿಕೊಂಡಿದ್ದಳು.

‘ಅಮ್ಮ, ಪಾತ್ರೆ ಅಂಗಡಿಯವರು ಬರೆದಿದ್ದಾರೆ. ರೇಡಿಯೋದಲ್ಲಿ ಮಧ್ಯಾಹ್ನ ಒಂದು ಹೆಂಗಸು ಮಾತಾಡ್ತಾಳಂತೆ. ಸ್ಟೇಷನ್ ಇಲ್ಲದ ಕಡೆ.’

‘ಏನಂತಾಳೆ?’

‘ಊಟ ಆಯ್ತಾ ಅಂತ ಕೇಳ್ತಾಳಂತೆ.’

ಆಮೇಲೆ ಅವಳು ಬ್ಯಾಗಿನಿಂದ ಎರಡನೇ ಹಾಳೆ ತೆಗೆದಳು. ಅದು ಫೋಟೋ, ಕಪ್ಪು ಬಿಳುಪಿನಲ್ಲಿ ತೆಗೆಸಿದ್ದು. ಸೆಟ್ಟಿನ ಹಿಂದಿನ ಹಲಗೆ, ಅದರ ಮೇಲೆ ತಾತನ ಚೀಟಿ. ಅಕ್ಷರ ಅವರದೇ. ತಾತ ‘ರ’ ಬರೆಯುವಾಗ ಕೊನೆಯಲ್ಲಿ ಒಂದು ಸಣ್ಣ ಬಾಲ ಬಿಡುತ್ತಿದ್ದರು, ಅದು ಕೂಡ ಇತ್ತು.

‘ತಾರೀಖು ನೋಡಮ್ಮ’ ಎಂದಳು.

ನೋಡಿದೆ. ಗೋಡೆಯ ಕ್ಯಾಲೆಂಡರಿಗೆ ಹೋಗಿ ಬೆರಳಿಟ್ಟು ನೋಡಿದೆ. ಅದು ಬರಲಿರುವ ಆಯುಧಪೂಜೆಯ ದಿನ. ಅವರು ಹೋಗಿ ಐದು ತಿಂಗಳಾಗಿತ್ತು. ಚೀಟಿಯಲ್ಲಿದ್ದ ದಿನ ಇನ್ನೂ ಬಂದೇ ಇರಲಿಲ್ಲ.

ಫೋನು ಬಂದದ್ದು ಮಾರನೆಯ ದಿನ. ಪಾತ್ರೆ ಅಂಗಡಿಯವರೇ.

‘ಏನ್ರಮ್ಮ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ ಯಜಮಾನ್ರು ಬದುಕವ್ರೋ, ಇಲ್ವೋ?’

‘ಇಲ್ಲ’ ಎಂದೆ. ಇನ್ನೊಮ್ಮೆ ಹೇಳಿದೆ.

‘ಹಂಗಾದ್ರೆ ಈ ಚೀಟಿ ಬರೆದೋರು ಯಾರು? ಸತ್ತೋರ ಹೆಸರು ಹೇಳಿ ಮಾರಾಟ ಮಾಡೋಕೆ ಯಾರ ಕೈಲೋ ರುಜು ಹಾಕಿಸಿದ್ರಾ? ತಾರೀಖು ಹಾಕೋವಾಗ್ಲಾದ್ರೂ ಕ್ಯಾಲೆಂಡರ್ ನೋಡಬಾರದಾ? ನೋಡಿ, ಬಂದು ಇದೇನು ಅಂತ ಹೇಳಿ. ಇಲ್ಲಾಂದ್ರೆ ನೀವು ಜಾಹೀರಾತು ಹಾಕಿದ ಜಾಗದಲ್ಲೇ ನಾನೂ ಬರೀತೀನಿ, ಈ ಹೆಸರಿನ ಸೆಟ್ಟೆಲ್ಲ ಮೋಸ ಅಂತ. ಊರೋರೆಲ್ಲ ಓದ್ಲಿ.’

ನಾನು ಫೋನು ಇಟ್ಟು ಅಲ್ಲೇ ಕೂತೆ. ದುಡ್ಡು ವಾಪಸು ಕೊಟ್ಟು ಸೆಟ್ಟು ತರಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ಮೋಸ ಒಪ್ಪಿಕೊಂಡಂತೆ. ಮದುವೆಗೆ ಮುಂಚಿನಿಂದ ಸೇರಿ ನಲವತ್ತು ವರ್ಷ ಹಲಗೆಗಳ ಒಳಗೆ, ಯಾರಿಗೂ ಕಾಣದ ಕಡೆ ಹಾಕಿದ ಆ ರುಜುವೇ ನಿಮ್ಮ ತಾತ ಬಿಟ್ಟುಹೋದದ್ದು. ಅದು ಕಳ್ಳರುಜು ಎಂದು ಎಲ್ಲರೂ ಓದುವಂತೆ ಬರೆದುಬಿಟ್ಟರೆ, ಅದನ್ನು ಅಳಿಸಲು ಅವರು ಎದ್ದು ಬರುವುದಿಲ್ಲ.

ಎದ್ದು ಬರುವುದಿಲ್ಲ ಎಂದು ಅಂದುಕೊಂಡಾಗ ಮೈ ಜುಮ್ಮೆಂದಿತು. ಯಾಕೆಂದರೆ ಚೀಟಿ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಆ ಅಕ್ಷರ ಬೇರೆಯವರಿಗೆ ಬರುವುದಿಲ್ಲ. ಹಾಗಾದರೆ ಮುಂದೆ ಬರುವ ದಿನದ ತಾರೀಖನ್ನು ಅವರು ಯಾಕೆ ಬರೆದರು, ಯಾವಾಗ ಬರೆದರು? ಬೇರೆ ಮನೆಗಳಲ್ಲಿ ಪಕ್ಷದ ಅಡುಗೆ ನಡೆಯುತ್ತಿದ್ದ ಆ ದಿನಗಳಲ್ಲಿ ನನ್ನ ತಲೆಯಲ್ಲಿ ಏನೇನು ಬಂದಿರಬಹುದು ನೀವೇ ಯೋಚಿಸಿ. ಎರಡು ದಿನ ನಾನು ಪರದೆಯ ಆಚೆ ಕಾಲಿಡಲಿಲ್ಲ. ಹಗಲು ಹೊತ್ತಿನಲ್ಲೇ ಟಕ್ ಟಕ್ ಸದ್ದು ಕೇಳಿದರೆ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ.

ಮೂರನೆಯ ದಿನ ಅಡುಗೆಮನೆಯ ಗೂಡಿನಲ್ಲಿದ್ದ ನನ್ನ ಸಣ್ಣ ರೇಡಿಯೋದ ಕಡೆ ಕಣ್ಣು ಹೋಯಿತು. ಅದನ್ನು ಅವರು ಸರಿ ಮಾಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಿಮ್ಮಲ್ಲಿ ದೊಡ್ಡವನ ನಾಮಕರಣದ ದಿನ. ಮನೆ ತುಂಬ ನೆಂಟರು, ನನ್ನ ತಮ್ಮನಿಗೆ ಕ್ರಿಕೆಟ್ ಕಾಮೆಂಟರಿ ಬೇಕು, ರೇಡಿಯೋ ಗೊರಗೊರ ಅನ್ನುತ್ತಿದೆ. ಪಾಯಸ ಬಡಿಸುವ ಹೊತ್ತಿನಲ್ಲಿ ತಾತ ಪಂಚೆ ಎತ್ತಿ ಕಟ್ಟಿ ಅದನ್ನು ಬಿಚ್ಚಿಕೊಂಡು ಕೂತಿದ್ದರು. ನಾನು ಜಗಳವಾಡಿದ್ದೆ. ಮೇ ತಿಂಗಳ ನಡು, ಮಾವಿನ ಹಣ್ಣಿನ ಕಾಲ.

ಸ್ಕ್ರೂಡ್ರೈವರ್ ತಂದು ಹಲಗೆ ಬಿಚ್ಚಿದೆ. ಚೀಟಿ ಇತ್ತು, ಅಂಚಿನಲ್ಲಿ ನನ್ನ ಅಂಟಿನ ನೀಲಿ ಕಲೆ ಇತ್ತು. ತಾರೀಖು ಅದೇ ವರ್ಷದ ನವೆಂಬರಿನದು.

ಪರದೆ ಸರಿಸಿ ಅಂಗಡಿಗೆ ಹೋದೆ. ಉಳಿದ ಸೆಟ್ಟುಗಳನ್ನೂ ಬಿಚ್ಚಿದೆ. ಯಾವುದನ್ನು ಯಾವಾಗ ಮಾಡಿದರೆಂದು ನನಗೆ ನೆನಪಿದ್ದವು ನಾಲ್ಕೈದು. ಎಲ್ಲದರಲ್ಲೂ ಹಾಗೆಯೇ. ಕೆಲಸ ಮುಗಿಸಿದ ದಿನದಿಂದ ಸರಿಯಾಗಿ ಆರು ತಿಂಗಳು ಮುಂದಿನ ತಾರೀಖು. ಆಗ ಅರ್ಥವಾಯಿತು. ಎಲ್ಲರೂ ರಿಪೇರಿ ಆದ ದಿನ ಬರೆಯುತ್ತಾರೆ. ನಿಮ್ಮ ತಾತ ತಮ್ಮ ಹೊಣೆ ಮುಗಿಯುವ ದಿನ ಬರೆಯುತ್ತಿದ್ದರು. ಅಲ್ಲಿಯವರೆಗೆ ಕೆಟ್ಟರೆ ಮಾತಿಲ್ಲದೆ ಮಾಡಿಕೊಡುವುದು. ಯಾರಿಗೂ ಹೇಳಿರಲಿಲ್ಲ, ಅಂಟು ಕಾಯಿಸಿಕೊಟ್ಟ ನನಗೂ ಹೇಳಿರಲಿಲ್ಲ.

ನನಗೆ ಮೊದಲು ಅಳು ಬಂತು. ಆಮೇಲೆ ಇನ್ನೊಂದು ಹೊಳೆಯಿತು. ಆ ವಾಲ್ವ್ ರೇಡಿಯೋದ ತಾರೀಖಿಗೆ ಇನ್ನೂ ಹನ್ನೊಂದು ದಿನ ಇತ್ತು. ಅವರು ಸತ್ತಿದ್ದರೂ ಅವರ ಹೊಣೆ ಸತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ನನ್ನ ಸಣ್ಣ ರೇಡಿಯೋದ ಹಲಗೆಯನ್ನು ಚೀಟಿ ಸಮೇತ ಟವಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಬ್ಯಾಗಿನಿಂದ ಹಲಗೆ ಹೊರಗೆ ಚಾಚಿಕೊಂಡಿತ್ತು.

‘ಏನಜ್ಜಿ ಅದು, ರೇಡಿಯೋದು ಬೆನ್ನು ಮಾತ್ರ ತಗೊಂಡೋಯ್ತಾ ಇದ್ದೀಯಾ? ಮುಖ ಎಲ್ಲಿ ಬಿಟ್ಟೆ?’ ಎಂದ ಕಂಡಕ್ಟರು.

ಪಕ್ಕದವರೆಲ್ಲ ನಕ್ಕರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಪಾತ್ರೆ ಅಂಗಡಿಯವರು ಮನೆಯಲ್ಲೇ ಕಾದಿದ್ದರು. ನೀರು ಕೊಟ್ಟರು, ಮಾತು ಕೊಡಲಿಲ್ಲ. ನಾನು ಟವಲು ಬಿಚ್ಚಿ ಹಲಗೆ ಇಟ್ಟೆ. ಅವರು ವಾಲ್ವ್ ರೇಡಿಯೋದ ಹಲಗೆ ತಂದು ಪಕ್ಕದಲ್ಲಿಟ್ಟರು. ಎರಡೂ ಚೀಟಿ, ಎರಡೂ ರುಜು, ಎರಡಕ್ಕೂ ನೀಲಿ ಅಂಚು. ನಾಮಕರಣದ ವಿಷಯ, ಆರು ತಿಂಗಳ ವಿಷಯ ತಡವರಿಸಿಕೊಂಡು ಹೇಳಿದೆ. ಜೀವನದಲ್ಲಿ ಹೊರಗಿನವರೊಡನೆ ನಾನು ಅಷ್ಟು ಉದ್ದ ಮಾತಾಡಿರಲಿಲ್ಲ.

ಅವರು ಬಹಳ ಹೊತ್ತು ನೋಡಿದರು. ‘ಸರಿ, ಚೀಟಿ ಒಪ್ಪಿದೆ. ರುಜು ವಿಷಯದಲ್ಲಿ ನಾನು ಅಂದಿದ್ದು ತಪ್ಪು’ ಎಂದರು. ಆಮೇಲೆ ದನಿ ತಗ್ಗಿಸಿ, ‘ಆದ್ರೆ ಅದು?’ ಎಂದು ಒಳಕೋಣೆಯ ಕಡೆ ಕೈ ತೋರಿಸಿದರು.

ಒಳಕೋಣೆಯ ಮಂಚದಲ್ಲಿ ಅವರ ತಾಯಿ ಕೂತಿದ್ದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಹಕ್ಕಿಯಂತೆ ಮೈ. ಎದುರಿಗೆ ಸ್ಟ್ಯಾಂಡಿನ ಮೇಲೆ ನಮ್ಮ ರೇಡಿಯೋ, ಹಸಿರು ಕಣ್ಣು ತೆರೆದುಕೊಂಡು.

‘ಮಧ್ಯಾಹ್ನ ಅವಳು ಊಟ ಮಾಡು ಅಂದ್ರೇ ಇವ್ರು ಊಟ ಮಾಡೋದು’ ಎಂದರು ಮಗ. ‘ಭಾನುವಾರ ಅವಳು ಬರಲ್ಲ, ಅವತ್ತು ಇವ್ರು ಅನ್ನ ಮುಟ್ಟಲ್ಲ. ಹೆದರಿ ವೈರು ಕಿತ್ತಿಟ್ಟೆ, ಎರಡು ದಿನ ಬಾಯಿಗೆ ನೀರು ಬಿಡಲಿಲ್ಲ. ಇಟ್ಕೊಳ್ಳೋಕೂ ಭಯ, ಕೊಡೋಕೂ ಭಯ. ಅದು ತಮ್ಮ ಮಗಳು, ನನ್ನ ತಂಗಿ ಅಂತಾರೆ. ಅವಳು ತೀರಿಕೊಂಡು ಕಾಲ ಆಗೋಯ್ತು.’

ಮುದುಕಿ ನನ್ನನ್ನು ನೋಡಿ, ‘ಇದು ನಿನ್ ಮನೆಯಿಂದ ಬಂದಿದ್ದಂತೆ. ನಿನ್ ತಾವೂ ಮಾತಾಡ್ತಿದ್ಲಾ ನನ್ ಮಗ್ಳು?’ ಎಂದು ಕೇಳಿದರು. ಮಂಚದ ಪಕ್ಕ ನೆಲದ ಮೇಲೆ ಕೂತೆ. ಸೆಟ್ಟನ್ನು ನಡುವೆ ಇಟ್ಟುಕೊಂಡು ಮೂವರೂ ಸುಮ್ಮನಿದ್ದೆವು. ಬೀದಿಯಲ್ಲಿ ಬಿಸಿಲು ಸುಡುತ್ತಿತ್ತು. ರೇಡಿಯೋದ ಮುಳ್ಳು ಬಲಗಡೆಯ ಕೊನೆಯಲ್ಲಿ, ಯಾವ ಸ್ಟೇಷನ್ನೂ ಇಲ್ಲದ ಕಡೆ ಇತ್ತು. ಬರೀ ಸುಯ್ಯೆನ್ನುವ ಸದ್ದು.

ಹನ್ನೆರಡೂವರೆ ದಾಟಿರಬೇಕು. ಮೊದಲು ಹಸಿರು ಕಣ್ಣು ಕಿರಿದಾಯಿತು. ಸುಯ್ಯೆನ್ನುವ ಸದ್ದು ನಿಂತಿತು. ಯಾರೋ ಬಾಗಿಲು ತೆರೆದು ಒಳಗೆ ಬಂದು ನಿಂತ ಹಾಗೆ ಕೋಣೆಯೇ ಮೌನವಾಯಿತು.

‘ಅವ್ವಾ... ಊಟ ಆಯ್ತಾ?’

ಹೆಂಗಸಿನ ದನಿ. ನೀರಿನ ಆಳದಿಂದ ಬಂದಂತೆ.

‘ಇನ್ನೂ ಇಲ್ಲ ಕಣವ್ವ’ ಎಂದರು ಮುದುಕಿ, ರೇಡಿಯೋಗೆ.

ಸ್ವಲ್ಪ ಹೊತ್ತು. ‘ಸ್ವಲ್ಪ ತಿನ್ನವ್ವ. ಹಂಗೇ ಇರಬ್ಯಾಡ.’

‘ತಿಂತೀನಿ ಕಣೆ. ನೀನು ತಿಂದ್ಯಾ?’

ಮತ್ತೆ ಅಷ್ಟೇ ಹೊತ್ತು. ಆಮೇಲೆ ರೇಡಿಯೋ ಹೇಳಿತು: ‘ನಾನಿನ್ನೂ ಇಲ್ಲ. ಅಡುಗೆ ಆಗ್ತೈತೆ.’

ಮಗ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ನನಗೆ ಎದ್ದು ಓಡಬೇಕೆನಿಸಿತು. ಕೇಳಿದ್ದಕ್ಕೆ ಉತ್ತರ ಕೊಡುವ ಅದನ್ನು ಏನೆಂದು ಹೇಳಲಿ? ತಾತ ಮೇಜಿಗೆ ಒರಗಿದ ಬೆಳಗ್ಗೆ ನಾನೂ ಪರದೆಯ ಈಚೆಯಿಂದ ತಿಂಡಿಗೆ ಕರೆದಿದ್ದೆ. ಆ ಕಡೆಯಿಂದ ಉತ್ತರ ಬಂದಿರಲಿಲ್ಲ. ಇಲ್ಲಿ ಬರುತ್ತಿದೆ.

ಆಗ ರೇಡಿಯೋದೊಳಗೆ ಕುಕ್ಕರ್ ಕೂಗಿತು.

ಅದೇ ಗಳಿಗೆಯಲ್ಲಿ, ಬೀದಿ ಕಿಟಕಿಯಿಂದಲೂ ಕೂಗಿತು. ಒಂದೇ ಕುಕ್ಕರ್. ಒಂದೇ ಕೂಗು ಎರಡು ಕಡೆಯಿಂದ ಬಂದು ಒಟ್ಟಿಗೆ ನಿಂತಿತು.

ನಾನು ಎದ್ದು ಕಿಟಕಿಗೆ ಹೋದೆ. ಎದುರು ಮನೆಯ ಅಡುಗೆಮನೆ ಕಿಟಕಿಯಲ್ಲಿ ಒಬ್ಬ ಹೆಂಗಸು ನಮ್ಮ ಕಡೆಗೆ ಬೆನ್ನು ಹಾಕಿ ನಿಂತಿದ್ದಳು. ಒಂದು ಕೈಯಲ್ಲಿ ಸೌಟು. ಇನ್ನೊಂದು ಕೈಯಲ್ಲಿ ಕಿವಿಗಿಟ್ಟುಕೊಂಡ ಫೋನು, ವೈರಿಲ್ಲದ್ದು, ಮೇಲೆ ಉದ್ದದ ಕಡ್ಡಿ. ಹಿಂದೊಂದು ಸಲ ಅಂಗಡಿಯಲ್ಲಿ ಯಾವುದೋ ರೇಡಿಯೋ ಇದ್ದಕ್ಕಿದ್ದಂತೆ ಪಕ್ಕದ ಲಾಡ್ಜಿನವರ ಮಾತು ಹೇಳತೊಡಗಿದಾಗ ತಾತ ಪರದೆಯ ಆಚೆಯಿಂದ, ‘ಹೆದರಬೇಡ, ಅವರ ಕಾರ್ಡ್‌ಲೆಸ್ ಫೋನು’ ಎಂದು ಹೇಳಿ ಮುಳ್ಳು ತಿರುಗಿಸಿದ್ದರು. ಅಷ್ಟೇ ಹೇಳಿದ್ದು. ಅಷ್ಟು ವರ್ಷದ ಮೇಲೆ ಆ ಮಾತು ನನ್ನ ಕೈಗೆ ಸಿಕ್ಕಿತು.

ಪಾತ್ರೆ ಅಂಗಡಿಯವರೂ ನಾನೂ ಬೀದಿ ದಾಟಿ ಹೋದೆವು. ಎರಡು ತಿಂಗಳ ಹಿಂದಷ್ಟೇ ಬಾಡಿಗೆಗೆ ಬಂದವರಂತೆ. ವಿಷಯ ಹೇಳಿದಾಗ ಆ ಹೆಂಗಸು ಸೌಟು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ತಾಯಿ ಮಲ್ಲಿಪಟ್ಟಣದಲ್ಲಿ. ಲಕ್ವ ಹೊಡೆದು ಮಾತು ಹೋಗಿದೆ. ದಿನಾ ಮಧ್ಯಾಹ್ನ ಅಲ್ಲಿರುವ ತಮ್ಮನ ಹೆಂಡತಿ ಫೋನನ್ನು ತಾಯಿಯ ಕಿವಿಗೆ ಹಿಡಿಯುತ್ತಾಳೆ, ಇವಳು ಮಾತಾಡುತ್ತಾಳೆ. ಭಾನುವಾರ ಬಸ್ಸು ಹತ್ತಿ ತಾನೇ ಹೋಗಿಬರುತ್ತಾಳೆ.

‘ಮತ್ತೆ ಉತ್ತರ ಕೊಡ್ತಿದ್ಯಲ್ಲ?’ ಎಂದೆ ನಾನು. ‘ನಾನಿನ್ನೂ ತಿಂದಿಲ್ಲ ಅಂದ್ಯಲ್ಲ?’

‘ಮಾತು ಇದ್ದಾಗ ಅವ್ವ ಏನ್ ಕೇಳ್ತಿದ್ಲು ಅಂತ ನಂಗೊತ್ತಲ್ಲಮ್ಮ. ಅವ್ಳು ಕೇಳೋ ಹೊತ್ತು ಬಿಟ್ಟು, ಆಮೇಲೆ ಹೇಳ್ತೀನಿ’ ಎಂದಳು.

ಅವಳನ್ನು ಕರೆದುಕೊಂಡು ಬಂದು ಮಂಚದ ಮುಂದೆ ನಿಲ್ಲಿಸಿದೆವು. ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ನಿರಾಸೆಯಾಯಿತೋ ಏನೋ ನನಗೆ ತಿಳಿಯಲಿಲ್ಲ.

‘ನೀನಾ? ಎದುರು ಮನೇಲಿದ್ಕಂಡು ಇಷ್ಟು ದೂರದಿಂದ ಯಾಕ್ ಕೂಗ್ತಿದ್ದೆ?’ ಎಂದರು. ಎಲ್ಲರೂ ನಕ್ಕೆವು. ಮುದುಕಿ ನಗಲಿಲ್ಲ. ‘ಸೆಟ್ಟು ವಾಪಸ್ ಕೊಡಬ್ಯಾಡ ಕಣ್ಲಾ’ ಎಂದು ಮಗನಿಗೆ ಹೇಳಿದರು. ‘ಇವಳವ್ವಂಗೆ ಬಾಯಿಲ್ಲ. ನಾನಾದ್ರೂ ಉತ್ರ ಕೊಡ್ತೀನಿ.’

ಮಗ ಜಾಹೀರಾತಿನ ಜಾಗದಲ್ಲಿ ಏನೂ ಬರೆಯುವುದಿಲ್ಲ ಎಂದು ಮಾತು ಕೊಟ್ಟರು. ಆಮೇಲೆ, ವ್ಯಾಪಾರಸ್ಥರಲ್ಲವೇ, ಚೀಟಿಯ ಮೇಲೆ ಬೆರಳಿಟ್ಟು ಕೇಳಿದರು: ‘ಈ ತಾರೀಖು ಇನ್ನು ಹತ್ತು ದಿನ. ಆಮೇಲೆ ಯಾರಮ್ಮ?’

ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಆದರೆ ಬಾಯಿ ತಾನಾಗಿ ಹೇಳಿತು. ‘ನಾನು.’

ಅವರ ಅಡುಗೆಮನೆಯಲ್ಲೇ ಮೈದಾ ಕಾಯಿಸಿದೆ. ನೋಟ್‌ಬುಕ್ಕಿನಿಂದ ಒಂದು ಚೂರು ಹಾಳೆ ಹರಿದು, ಆರು ತಿಂಗಳು ಎಣಿಸಿ ತಾರೀಖು ಬರೆದು, ಕೆಳಗೆ ನನ್ನ ಹೆಸರು ಬರೆದೆ. ತಾತನ ಚೀಟಿಯ ಪಕ್ಕ ಅಂಟಿಸಿದೆ. ನನ್ನ ಅಂಟಿಗೆ ನೀಲಿ ಇರಲಿಲ್ಲ, ಅವರ ಮನೆಯಲ್ಲಿ ಮೈಲುತುತ್ತ ಇರಲಿಲ್ಲ.

ಆಯುಧಪೂಜೆ ಬಂತು. ಆ ವರ್ಷ ನಮಗೆ ಹಬ್ಬವಿಲ್ಲ. ಆದರೂ ಬೆಳಿಗ್ಗೆ ಅವರ ಸ್ಕ್ರೂಡ್ರೈವರು, ಬೆಸುಗೆ ಕಡ್ಡಿ ಎಲ್ಲ ಒರೆಸಿ, ಹೂವಿಲ್ಲದೆ ಸಾಲಾಗಿ ಇಟ್ಟೆ. ಮಧ್ಯಾಹ್ನ ಒಂದು ಗಂಟೆಗೆ ಫೋನು ಬಂತು.

‘ಅಮ್ಮ, ಸೆಟ್ಟು ಚೆನ್ನಾಗೈತೆ’ ಎಂದರು ಪಾತ್ರೆ ಅಂಗಡಿಯವರು. ‘ಹಾಡು ಬರ್ತೈತೆ, ವಾರ್ತೆ ಬರ್ತೈತೆ. ಅವಳು ಬರ್ತಿಲ್ಲ. ಭಾನುವಾರ ಅಲ್ವಲ್ಲ ಇವತ್ತು.’ ಸ್ವಲ್ಪ ತಡೆದು ಹೇಳಿದರು. ‘ಎದುರು ಮನೆ ಬೀಗ. ಮಲ್ಲಿಪಟ್ಟಣದಲ್ಲಿ ಅವಳ ತಾಯಿ ಇವತ್ತು ಬೆಳಿಗ್ಗೆ ಹೋದ್ರಂತೆ.’

ನಾನು ಕ್ಯಾಲೆಂಡರಿನ ಕಡೆ ತಿರುಗಲಿಲ್ಲ. ತಿರುಗಬೇಕಾಗಿರಲಿಲ್ಲ. ನಿಮ್ಮ ತಾತ ಯುಗಾದಿಯ ಹಿಂದಿನ ದಿನ ಆರು ತಿಂಗಳು ಎಣಿಸಿ ಬರೆದದ್ದು ಅಷ್ಟೇ. ಬೇರೆ ಏನೂ ಅಲ್ಲ ಎಂದು ಅವತ್ತು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ಇವತ್ತೂ ಹೇಳಿಕೊಳ್ಳುತ್ತೇನೆ.

ಕರ್ಮಾಂತರ ಮುಗಿಸಿ ಬಂದ ಮೇಲೆ ಆ ಹೆಂಗಸು ಮಧ್ಯಾಹ್ನ ಫೋನು ಎತ್ತಲಿಲ್ಲವಂತೆ. ಹನ್ನೆರಡೂವರೆಗೆ ಒಲೆ ಆರಿಸಿ ಬೀದಿ ದಾಟಿ ಬಂದು ಮಂಚದ ಮುಂದೆ ನಿಂತು, ಊಟ ಆಯ್ತಾ ಎಂದು ಕೇಳಿದಳಂತೆ. ಮುದುಕಿ ಅವಳನ್ನು ನೋಡದೆ ರೇಡಿಯೋ ನೋಡಿಕೊಂಡೇ ಉತ್ತರ ಹೇಳಿದರಂತೆ. ಕೊನೆಯವರೆಗೂ ಹಾಗೆಯೇ.

ಮತ್ತೆ ಯುಗಾದಿಯ ಹೊತ್ತಿಗೆ ನನ್ನ ಚೀಟಿಯ ದಿನ ಮುಗಿಯುತ್ತಾ ಬಂದಾಗ ಚನ್ನರಾಯಪಟ್ಟಣಕ್ಕೆ ಹೋಗಿ ಹೊಸದು ಅಂಟಿಸಿ ಬಂದೆ. ಬರೆಯುವ ಮುಂಚೆ ಕೈ ತಡೆಯಿತು. ಒಂದು ದಿನವನ್ನು ಆರಿಸಿ ಬರೆದರೆ ಆ ದಿನ ಯಾರಿಗೆ ಏನಾಗುತ್ತೋ ಎಂದು ಆಗ ನನಗೆ ಭಯವಾಗಿತ್ತು. ಉಳಿದ ಸೆಟ್ಟುಗಳನ್ನು ಮಾರುವಾಗಲೂ ಅಷ್ಟೇ; ಚೀಟಿ ಬರೆದೆ, ತಕರಾರು ಬಂದರೆ ಪರದೆಯ ಆಚೆ ಹೋಗಿ ಕೂತು ಕೇಳಿದೆ, ಆದರೆ ಹಬ್ಬದ ದಿನ, ನಿಮ್ಮ ಹುಟ್ಟುಹಬ್ಬದ ದಿನ ಬಂದರೆ ಒಂದು ದಿನ ಮುಂದಕ್ಕೆ ಹಾಕುತ್ತಿದ್ದೆ.

ಆ ವರ್ಷದ ಮಳೆಗಾಲದಲ್ಲಿ ಪಾತ್ರೆ ಅಂಗಡಿಯವರು ಫೋನು ಮಾಡಿ ತಾಯಿ ತೀರಿಕೊಂಡ ಸುದ್ದಿ ಹೇಳಿದರು. ರೇಡಿಯೋವನ್ನು ನನಗೇ ಹಿಂತಿರುಗಿ ಕೊಡಬೇಕೆಂದು ಹೇಳಿ ಹೋಗಿದ್ದರಂತೆ. ನಾನು ಮೊದಲು ಕೇಳಿದ್ದು, ಯಾವತ್ತು ಎಂದು. ಅವರು ಹೇಳಿದರು. ನನ್ನ ಚೀಟಿಯ ತಾರೀಖಿಗೆ ಇನ್ನೂ ಎರಡು ತಿಂಗಳಿತ್ತು. ಸಾವಿನ ಸುದ್ದಿ ಕೇಳಿ ಸಮಾಧಾನವಾಯಿತು ಎಂದರೆ ನೀವು ನನ್ನನ್ನು ಕೆಟ್ಟವಳೆಂದು ತಿಳಿಯಬೇಡಿ. ಫೋನು ಇಟ್ಟು ಅಡುಗೆಮನೆಗೆ ಹೋಗಿ, ಅವತ್ತು ಹೊಟ್ಟೆ ತುಂಬ ಊಟ ಮಾಡಿದೆ.